ಹೊಸ ಸೊಸೆಯ ನಂಬರು

ಬ್ಯಾಟರಾಯನಪುರ
20 ಜೂನ್ 2018

ನನ್ನ ಮುದ್ದು ದೊಡ್ಡಮ್ಮನಿಗೆ,

ನಿನ್ನ ವನಿತಾಳಿಂದ ಕಾಲಿಗೊಂದು ನಮಸ್ಕಾರ, ಎರಡು ಕೆನ್ನೆಗೂ ಒಂದೊಂದು ಮುತ್ತು. ಮದುವೆಯಾಗಿ ನಲವತ್ತು ದಿನವಾಯಿತು, ಇವಳಿಂದ ಒಂದು ಗೆರೆ ಕಾಗದವಿಲ್ಲ ಎಂದು ನೀನು ಶಿಡ್ಲಘಟ್ಟದ ಬೀದಿಯವರೆಲ್ಲರ ಮುಂದೆ ನನ್ನನ್ನು ಬೈದಿರುತ್ತೀಯ. ಬೈದದ್ದು ಸರಿ. ಕಿವಿ ಕೇಳದ ನಿನಗೆ ಫೋನ್ ಮಾಡಿ ಪ್ರಯೋಜನವಿಲ್ಲ. ಬರೆಯೋಣವೆಂದು ಎರಡು ಸಲ ಕೂತೆ, ಎರಡು ಸಲವೂ ಯಾರೋ ನೆಂಟರು ಬಂದು "ಎಲ್ಲವ್ವ ಹೊಸ ಸೊಸೆ?" ಎಂದರು. ಎದ್ದು ಹೋಗಿ ಕಾಫಿ ಕೊಟ್ಟು, ಹಲ್ಲು ಕಿಸಿದು, ಸೀರೆ ಎಲ್ಲಿ ತೆಗೆದದ್ದು ಎಂದು ಹೇಳಿ ಬರುವಷ್ಟರಲ್ಲಿ ಬರೆಯಬೇಕೆಂದಿದ್ದ ಮಾತೇ ಮರೆತಿರುತ್ತಿತ್ತು. ಬೇಸಿಗೆ ರಜೆಯಲ್ಲಿ ನೀನು ಕಾಪಿ ಬರೆಸದಿದ್ದರೆ ಈ ಇಂಗ್ಲಿಷ್ ಮೀಡಿಯಂ ಹುಡುಗಿಗೆ ದಿನಸಿ ಚೀಟಿಯನ್ನೂ ಕನ್ನಡದಲ್ಲಿ ಬರೆಯಲು ಬರುತ್ತಿರಲಿಲ್ಲ. ತಪ್ಪು ಕಂಡರೆ ಮನಸ್ಸಿನಲ್ಲೇ ತಿದ್ದಿಕೋ, ವಾಪಸ್ ಕಳಿಸಬೇಡ!

ನಾನು ಖುಷಿಯಾಗಿದ್ದೇನೆ ದೊಡ್ಡಮ್ಮ. ಎಷ್ಟು ಖುಷಿಯೆಂದರೆ ಕೆಲವೊಮ್ಮೆ ನನಗೇ ನಾಚಿಕೆಯಾಗುತ್ತದೆ. ಬಾಲರಾಜ್ (ಗಂಡನ ಹೆಸರು ಹಿಡಿಯುತ್ತೀಯಾ ಎಂದು ಕಣ್ಣು ಬಿಡಬೇಡ, ಇಲ್ಲಿ ಎಲ್ಲರೂ ಹಿಡಿಯುತ್ತಾರೆ) ಫ್ಯಾಕ್ಟರಿಯಿಂದ ಬರುವಾಗ ದಿನಾ ಏನಾದರೂ ತರುತ್ತಾರೆ. ನಿನ್ನೆ ತಂದದ್ದು ಏನು ಗೊತ್ತೇ? ನನ್ನ ಹೆಸರು ಅಚ್ಚು ಹಾಕಿಸಿದ ಒಂದು ರಟ್ಟಿನ ಡಬ್ಬ. ಒಳಗೆ ಏನೂ ಇಲ್ಲ! "ಇದಕ್ಕೇನು ತುಂಬಿಸ್ಲಿ?" ಎಂದು ಕೇಳಿದರೆ, "ನೀನೇ ಕೂತ್ಕೊ" ಎನ್ನುತ್ತಾರೆ.

ನಿನಗೆ ಮಾವನವರ ಕಸುಬು ಸರಿಯಾಗಿ ಹೇಳಿಲ್ಲ ಅಲ್ಲವೇ? ಮಾವ ಮುನಿಆಂಜಿನಪ್ಪನವರು ಅಮೃತಹಳ್ಳಿಯ ಜಮೀನನ್ನೆಲ್ಲ ಮಾರಿ, ಯಲಹಂಕದ ಆಚೆ ರಟ್ಟಿನ ಡಬ್ಬದ ಫ್ಯಾಕ್ಟರಿ ಕಟ್ಟಿದವರು. ಬಿಸ್ಕತ್ತಿನ ಡಬ್ಬ, ಔಷಧಿಯ ಡಬ್ಬ, ದೊಡ್ಡಬಳ್ಳಾಪುರದ ಕಡೆಯಿಂದ ವಿಮಾನದಲ್ಲಿ ಹೊರದೇಶಕ್ಕೆ ಹೋಗುವ ಗುಲಾಬಿಯ ಡಬ್ಬ ಎಲ್ಲವೂ ಅಲ್ಲಿ ಆಗುತ್ತವೆ. ನೂರಕ್ಕೂ ಹೆಚ್ಚು ಜನ ಕೆಲಸಕ್ಕಿದ್ದಾರೆ. ನಾನು ಮೊದಲ ಸಲ ಹೋದ ದಿನ, ಡಬ್ಬದೊಳಗೆ ಅಡ್ಡಪಟ್ಟಿ ಜೋಡಿಸುವ ಮುನಿಕೆಂಪಮ್ಮ ಎಂಬ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನವ್ವಾ, ಗಂಡ ಬೈದ್ರೆ ಇಂಗ್ಲೀಸಲ್ಲಿ ಅಳ್ತೀಯೋ ಕನ್ನಡದಲ್ಲಿ ಅಳ್ತೀಯೋ?" ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೂ ಅವಳು ಅಲ್ಲೇ ಇಷ್ಟವಾಗಿಬಿಟ್ಟಳು.

ಈಗ ದೊಡ್ಡ ಸುದ್ದಿ. ಕಂಪನಿಯ ಬ್ಯಾಂಕ್ ಖಾತೆಗೆ ಈಗ ನಿನ್ನ ಮಗಳ ಫೋನ್ ನಂಬರು! ಸಹಕಾರನಗರದ ಒಂದು ದೊಡ್ಡ ಬ್ಯಾಂಕಿನಿಂದ ಗಯಾಸ್ ಎಂಬ ಆಫೀಸರು ಮೂರು ತಿಂಗಳಿಂದ ಮಾವನ ಹಿಂದೆ ಬಿದ್ದಿದ್ದರು. ನಮ್ಮಂಥ ಮಧ್ಯಮ ಗಾತ್ರದ ಕಂಪನಿಗಳಿಗೆಂದೇ ಅವರಲ್ಲಿ ಬೇರೆ ವಿಭಾಗವಿದೆಯಂತೆ. ಮನೆಗೆ ಬಂದು, ಅತ್ತೆ ಕೊಟ್ಟ ಹೋಳಿಗೆಯನ್ನು ಎರಡನೇ ಸಲ ಕೇಳಿ ಹಾಕಿಸಿಕೊಂಡು, ಮಾವನಿಗೆ ಹೇಳಿದರು:

"ಅಣ್ಣ, ಸಾಲಕ್ಕೊಂದು ಬ್ಯಾಂಕು, ಸಂಬಳಕ್ಕೊಂದು, ಇನ್ಶೂರೆನ್ಸ್‌ಗೆ ಇನ್ನೊಬ್ರು, ಯಾಕ್ ಓಡಾಡ್ತೀರ? ನಮ್ಮಲ್ಲಿ ಎಲ್ಲಾ ಒಂದೇ ಕಡೆ. ಓವರ್‌ಡ್ರಾಫ್ಟು, ಪೇಪರ್ ಮಿಲ್ಲಿಗೆ ಗ್ಯಾರಂಟಿ, ಸ್ಟಾಫ್ ಸಂಬಳ, ಲೇಬರ್ ಇನ್ಶೂರೆನ್ಸು, ನಿಮ್ಮ ಮಗನ ಕಾರ್ ಲೋನು. ಒಂದ್ ಫೋನ್ ಹಾಕಿ, ನಾನ್ ಬರ್ತೀನಿ."

ಫಾರಂನಲ್ಲಿ ಬ್ಯಾಂಕಿನ ಮೆಸೇಜುಗಳು ಬರಬೇಕಾದ ಮೊಬೈಲ್ ನಂಬರು ಕೇಳಿತ್ತು. ಗಯಾಸ್ ಅವರು ಮಾವನ ನಂಬರು ಬರೆಯಲು ಹೊರಟರೆ ಮಾವ ಅವರ ಕೈ ಹಿಡಿದರು. "ನನ್ಗೆಲ್ಲಿ ಆ ಇಂಗ್ಲೀಸು ಮೆಸೇಜು ತಿಳೀತದೆ? ಮನೇಗೆ ಲಕ್ಷ್ಮಿ ಬಂದವ್ಳೆ, ಕೈಗುಣ ಒಳ್ಳೇದು. ಅವ್ಳ ನಂಬರೇ ಆಕಪ್ಪ." ಬಾಲರಾಜ್ ಒಂದು ಮಾತು ಹೇಳಲು ಬಾಯಿ ತೆರೆದರು. ಮಾವ ಒಂದು ನೋಟ ಹರಿಸಿದರು, ಬಾಯಿ ಮುಚ್ಚಿತು. ಅತ್ತೆ ನನ್ನ ಫೋನಿಗೆ ಅರಿಶಿನ ಕುಂಕುಮ ಹಚ್ಚಿಯೇಬಿಟ್ಟರು. ಸ್ಪೀಕರಿನ ತೂತಿಗೆಲ್ಲ ಕುಂಕುಮ! ಆ ಗಳಿಗೆಯಲ್ಲಿ ನನಗಾದ ಹೆಮ್ಮೆಯನ್ನು ಹೇಗೆ ಬರೆಯಲಿ? ಓದಿದ್ದು ಸಾರ್ಥಕವಾಯಿತು ಅನಿಸಿತು.

ಕಾರು ಬಂದ ಮೇಲೆ ಮೊದಲ ಸವಾರಿ ನಿನ್ನ ಮನೆಗೇ. ಮಾತ್ರೆ ಮರೆಯಬೇಡ.

ನಿನ್ನ
ವನಿತಾ


ಬ್ಯಾಟರಾಯನಪುರ
12 ಫೆಬ್ರವರಿ 2019

ಪ್ರೀತಿಯ ದೊಡ್ಡಮ್ಮನಿಗೆ,

ನಮಸ್ಕಾರ. ಎಂಟು ತಿಂಗಳಾಯಿತು. ನಿನ್ನ ಮೂರು ಕಾಗದಗಳೂ ತಲುಪಿವೆ. ಮೂರನೆಯದರಲ್ಲಿ "ಬದುಕಿದ್ದೀಯೇನೇ?" ಎಂದು ಒಂದೇ ಸಾಲು ಬರೆದಿದ್ದೆ. ಬದುಕಿದ್ದೇನೆ. ಕ್ಷಮಿಸು. ಕಾರಿನಲ್ಲಿ ಬರುತ್ತೇನೆ ಎಂದವಳು ಕಾರು ಬಂದರೂ ಬರಲಿಲ್ಲ. ಹೊಸ ವರ್ಷದ ತನಕ ಬರೆಯದೆ ಇದ್ದದ್ದಕ್ಕೆ ಕಾರಣ ಬರೀ ಸೋಮಾರಿತನ, ಅದನ್ನು ಒಪ್ಪಿಕೊಳ್ಳುತ್ತೇನೆ. ನಂದಿಬೆಟ್ಟ, ಊಟಿ, ಯಾರದೋ ರಿಸೆಪ್ಷನ್, ಫೋಟೋ, ಮತ್ತೆ ಫೋಟೋ. ಅದಾದ ಮೇಲಿನದ್ದಕ್ಕೆ ಕಾರಣ ಬೇರೆ. ನೀನು ಯಶವಂತಪುರದ ಇ.ಎಸ್.ಐ. ಡಿಸ್ಪೆನ್ಸರಿಯಲ್ಲಿ ಮೂವತ್ತು ವರ್ಷ ಕಾರ್ಮಿಕರ ಗಾಯ ಕಟ್ಟಿದವಳು. ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ?

ಮೊದಲು ಮನೆಯ ಸಮಾಚಾರ. ಅತ್ತೆಗೆ ಮಂಡಿನೋವು, ಚಳಿಗೆ ಜಾಸ್ತಿಯಾಗಿದೆ. ಬಾಲರಾಜ್ ಚೆನ್ನಾಗಿದ್ದಾರೆ, ಆದರೆ ಈಗ ಏನೂ ತರುವುದಿಲ್ಲ. ಅವರು ಮೊನ್ನೆ ನನ್ನ ತಲೆಗೆ ಎಣ್ಣೆ ಹಚ್ಚಿದರು. ನಾನು ಅತ್ತುಬಿಟ್ಟೆ, ಅವರೂ ಅತ್ತರು. ಇಬ್ಬರೂ ಕನ್ನಡದಲ್ಲೇ ಅತ್ತೆವು.

ಬ್ಯಾಂಕಿನ ವಿಷಯ ನೆನಪಿದೆಯಲ್ಲ? ಮೊದಲ ತಿಂಗಳು ನಾನು ಪ್ರತಿಯೊಂದು ಮೆಸೇಜನ್ನೂ ಓದಿ ಮಾವನಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಅವರು ಕಣ್ಣು ಮುಚ್ಚಿ ಪುರಾಣ ಕೇಳುವಂತೆ ಕೇಳುತ್ತಿದ್ದರು. ಆದರೆ ಎಲ್ಲವೂ ಒಂದೇ ಖಾತೆ ಎಂದ ಮೇಲೆ ಎಲ್ಲದರ ಮೆಸೇಜೂ ಒಂದೇ ಫೋನಿಗೆ. ಸಂಬಳದ ದಿನ ಒಬ್ಬೊಬ್ಬರಿಗೂ ಒಂದೊಂದು ಸಲ ಫೋನು ಕುಯ್ಯೆನ್ನುತ್ತಿತ್ತು. ಲಾರಿಯ ಡೀಸೆಲ್ ಕಾರ್ಡಿಗೆ ಒಂದು, ಟೋಲಿಗೆ ಒಂದು, ಹಬ್ಬಕ್ಕೆ ಬ್ಯಾಂಕಿನ ಶುಭಾಶಯ ಒಂದು. ಆಗಸ್ಟಿನಲ್ಲಿ ಒಂದು ದಿನ ನಾನು ವಿಡಿಯೋ ತೆಗೆಯುತ್ತಿದ್ದಾಗ ನಡುವೆ ಹನ್ನೊಂದು ಸಲ ಕುಯ್ಯೆಂದಿತು. ಬ್ಯಾಂಕಿನ ಮೆಸೇಜುಗಳ ಸದ್ದು ನಿಲ್ಲಿಸಿಬಿಟ್ಟೆ. ವಾರಕ್ಕೊಮ್ಮೆ ಕೂತು ನೋಡೋಣ ಎಂದುಕೊಂಡೆ. ಯಾವ ವಾರವೂ ಕೂರಲಿಲ್ಲ.

ನಿನಗೆ ಇನ್ನೊಂದು ತಿಳಿಯಬೇಕು. ಫ್ಯಾಕ್ಟರಿಯಲ್ಲಿ ಇಪ್ಪತ್ತೆರಡು ಹೆಂಗಸರು ಇ.ಎಸ್.ಐ. ಪಟ್ಟಿಯಲ್ಲೇ ಇಲ್ಲ, ಗಾಯವಾದರೆ ಸರ್ಕಾರದ ಚಿಕಿತ್ಸೆಯೂ ಇಲ್ಲ, ಪರಿಹಾರವೂ ಇಲ್ಲ. ಕೆಲಸ ಜಾಸ್ತಿಯಿದ್ದಾಗ ಕರೆಯುವವರು ಎಂದು ಹೇಳುತ್ತಾರೆ, ಆದರೆ ಆರು ವರ್ಷದಿಂದ ದಿನಾ ಬರುತ್ತಿದ್ದಾರೆ. ನೀನು ಹಲ್ಲು ಕಡಿಯುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಮಾವ ಇವರಿಗೆಲ್ಲ ಒಂದು ಅಪಘಾತ ವಿಮೆ ಮಾಡಿಸಿದ್ದರು. ಗದಗಿನ ಕಡೆಯ ಸಂಗಪ್ಪ ಎಂಬ ಏಜೆಂಟರು ಪ್ರತಿ ವರ್ಷ ಡಿಸೆಂಬರಿನಲ್ಲಿ ಮೊಪೆಡ್ಡಿನಲ್ಲಿ ಬಂದು, ಗೇಟಿನ ಪಕ್ಕದ ಬೆಂಚಿನ ಮೇಲೆ ಕೂತು, ಚೆಕ್ಕು ಕೈಗೆ ಬರುವ ತನಕ ಏಳುತ್ತಿರಲಿಲ್ಲವಂತೆ. ಕೆಲವು ವರ್ಷ ಎರಡು ದಿನ ಕೂತದ್ದೂ ಉಂಟಂತೆ. ಈ ಸಲವೂ ಬಂದರು. ಬಾಲರಾಜ್ ನಗುತ್ತಾ, "ಈಗ ಎಲ್ಲಾ ಬ್ಯಾಂಕ್ ಮೂಲಕ ಸಂಗಪ್ಪನೋರೆ, ತಾನಾಗೇ ಕಟ್ ಆಗತ್ತೆ" ಎಂದರು. ಅವರು ಟವೆಲ್ಲು ಕೊಡವಿ ಎದ್ದು, "ಛಲೋ ಆತ್ ಬಿಡ್ರಿ. ನಾ ಬಂದ್ರ ನಿಮಗ ಎರಡು ದಿನದ ಚಾ ಖರ್ಚಾಕ್ಕಿತ್ತು, ಅದೂ ಉಳೀತು" ಎಂದು ನಗಿಸಿ ಹೋದರು. ನಾನೂ ನಕ್ಕೆ ದೊಡ್ಡಮ್ಮ.

ಡಿಸೆಂಬರ್ ಹದಿನಾಲ್ಕಕ್ಕೆ ವಿಮೆಯ ಕಂತು ಹೋಗಬೇಕಿತ್ತು, ಹನ್ನೊಂದು ಸಾವಿರದ ಚಿಲ್ಲರೆ. ಬಿಸ್ಕತ್ತಿನವರು ಎರಡು ತಿಂಗಳಿಂದ ದುಡ್ಡು ಕೊಟ್ಟಿರಲಿಲ್ಲ, ಖಾತೆ ಅಂಚಿಗೆ ಬಂದು ನಿಂತಿತ್ತು. ಆ ದಿನ ಮೊದಲು ಪೇಪರ್ ಮಿಲ್ಲಿನ ಹಣ ಹೋಯಿತು. ಆಮೇಲೆ ಕಟ್ಟಡದ ಸಾಲದ ಕಂತು. ಆಮೇಲೆ ನಮ್ಮ ಕಾರಿನ ಕಂತು. ವಿಮೆಯ ಸರದಿ ಬಂದಾಗ ಏನೂ ಉಳಿದಿರಲಿಲ್ಲ. ಮೂರು ದಿನ ಮೂರು ಸಲ ಪ್ರಯತ್ನಿಸಿ ಬ್ಯಾಂಕು ಸುಮ್ಮನಾಯಿತು, ವಿಮೆ ರದ್ದಾಯಿತು. ಮೂರು ಸಲವೂ ಮೆಸೇಜು ಬಂದಿದೆ. ನನ್ನ ಫೋನಿಗೆ.

ಜನವರಿಯಲ್ಲಿ ಗುಲಾಬಿಯ ಡಬ್ಬಕ್ಕೆ ಎಲ್ಲಿಲ್ಲದ ಅವಸರ. ಪ್ರೇಮಿಗಳ ದಿನಕ್ಕೆ ಹೂವು ಹೊರದೇಶ ಮುಟ್ಟಬೇಕು. ಸಂಕ್ರಾಂತಿಗೆ ನಾಲ್ಕು ದಿನವಿತ್ತು, ಶುಕ್ರವಾರ. ಪಂಚಿಂಗ್ ಮೆಷಿನ್ನಿನ ಹುಡುಗ ರಜೆ ಹಾಕಿದ್ದ. ರಟ್ಟಿನ ಹಾಳೆಯನ್ನು ಬಾಯಿ ತೆರೆದ ಮೆಷಿನ್ನಿನೊಳಗೆ ಕೈಯಿಂದಲೇ ಇಟ್ಟು, ಅದು ಬಾಯಿ ಮುಚ್ಚುವ ಮುಂಚೆ ಕೈ ತೆಗೆಯಬೇಕು. ಅಡ್ಡಪಟ್ಟಿ ಜೋಡಿಸುವ ಮುನಿಕೆಂಪಮ್ಮನನ್ನು ಸೂಪರ್‌ವೈಸರ್ ಅಲ್ಲಿಗೆ ನಿಲ್ಲಿಸಿದ. ಹನ್ನೊಂದೂವರೆಗೆ ಅವಳ ಬಲಗೈ ಒಳಗೇ ಉಳಿಯಿತು.

ನಾನು ಅಲ್ಲಿರಲಿಲ್ಲ. ಆಸ್ಪತ್ರೆಯಲ್ಲಿ ನೋಡಿದ್ದು. ಅಂಗೈಯ ಅರ್ಧದಿಂದ ಮೇಲಕ್ಕೆ ಏನೂ ಇಲ್ಲ. ಪ್ರಜ್ಞೆ ಬಂದಾಗ ಅವಳು ಅಳಲಿಲ್ಲ. ನನ್ನನ್ನು ಹತ್ತಿರ ಕರೆದು, "ಬೆರಳೆಲ್ಲಿ ಆಕಿದ್ರವ್ವ? ರಟ್ಟಿನ್ ಚೂರಿನ್ ಜೊತೆ ಮಿಲ್ಲಿಗೆ ಓಗ್ಬಿಟ್ವಾ?" ಎಂದು ಕೇಳಿದಳು. ನಾನು ಹೊರಗೆ ಹೋಗಿ ಸೂಪರ್‌ವೈಸರ್‌ಗೆ ಫೋನ್ ಮಾಡಿ ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ.

ಅವಳ ಗಂಡ ಸುಬ್ರಮಣಿ ಅಮೃತಹಳ್ಳಿಯಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತಾನೆ. ಮಗಳು ಎರಡನೇ ಪಿ.ಯು. ಸುಬ್ರಮಣಿ ಮಾವನ ಮುಂದೆ ಕೈಕಟ್ಟಿ ನಿಂತು, "ಇನ್ಸೂರೆನ್ಸ್ ಐತಲ್ಲ ಅಣ್ಣಯ್ಯ, ಅದ್ರಾಗೆ ಎಷ್ಟ್ ಬತ್ತದೆ? ಮಗೀನ್ ಓದ್ ನಿಲ್ಸಂಗಾಗ್ಬಾರ್ದು" ಎಂದ. ಮಾವ ಎದೆಯ ಮೇಲೆ ಕೈಯಿಟ್ಟು, "ಐದು ಲಕ್ಷ ಕಣಪ್ಪ. ನಾನಿದೀನಿ" ಎಂದರು. ನಂಬಿಕೆಯಿಂದಲೇ ಹೇಳಿದರು. ಅಲ್ಲೇ ನಿಂತು ಗಯಾಸ್ ಅವರಿಗೆ ಫೋನು ಹಚ್ಚಿದರು.

ಗಯಾಸ್ ಅವರು ಒಂದು ಗಂಟೆಯೊಳಗೆ ಆಸ್ಪತ್ರೆಗೇ ಬಂದರು. ಹಣ್ಣು ತಂದಿದ್ದರು. ಕಾರಿಡಾರಿನಲ್ಲಿ ಲ್ಯಾಪ್‌ಟಾಪ್ ತೆಗೆದು ನಮ್ಮ ಖಾತೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು, "ಮೇಡಂ, ಮೂರ್ ಸಲ ಅಲರ್ಟ್ ಹೋಗಿದೆ. ನೋಡ್ಲಿಲ್ವಾ?"

ನಾನು ಫೋನು ತೆಗೆದೆ. ಎಲ್ಲರ ಎದುರು ಬೆರಳಿನಿಂದ ಮೇಲಕ್ಕೆ ಎಳೆಯುತ್ತಾ ಹೋದೆ. ಡೀಸೆಲ್, ಟೋಲ್, ಹೊಸ ವರ್ಷದ ಶುಭಾಶಯ, ಸಂಬಳ, ಸಂಬಳ, ಸಂಬಳ. ನಡುವೆ ಆ ಮೂರು. ಬಾಲರಾಜ್ ಗೋಡೆಯ ಕಡೆ ತಿರುಗಿಕೊಂಡರು. ಮಾವ ನನ್ನನ್ನು ಒಂದು ಮಾತೂ ಬೈಯಲಿಲ್ಲ. "ಓಗ್ಲಿ ಬಿಡವ್ವ, ನಿನ್ ತಲೆ ಮೇಲೆ ಆಕಿದ್ದು ನಾನೇ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ನಾನಾದರೂ ಗಯಾಸ್ ಅವರ ಮೇಲೆ ರೇಗಿದೆ. "ಹೋಳಿಗೆ ತಿನ್ನೋಕೆ ಮನೆಗ್ ಬರ್ತೀರ, ಇದಕ್ಕೆ ಒಂದ್ ಫೋನ್ ಮಾಡಕ್ಕಾಗ್ಲಿಲ್ವಾ?" ಎಂದು ಕೇಳಿದೆ. ಅವರು ಸಿಟ್ಟಾಗಲಿಲ್ಲ. "ನನ್ನ ಹತ್ರ ನಿಮ್ಮ ಥರ ಅರವತ್ತು ಕಂಪನಿ ಇದಾವೆ ಮೇಡಂ. ಸಿಸ್ಟಮ್ ಮೆಸೇಜ್ ಕಳಿಸತ್ತೆ, ನಾವು ನೋಡಿರ್ತಾರೆ ಅಂದ್ಕೊಳ್ತೀವಿ" ಎಂದರು. ಅದು ನಿಜವೇ ಇರಬೇಕು. ಸಂಗಪ್ಪನವರ ಮೊಪೆಡ್ಡಿಗೆ ಎಷ್ಟು ಕಂಪನಿಗಳಿದ್ದವೋ ನಾನು ಕೇಳಿಲ್ಲ.

ಮಾವ, "ನಮ್ ಕೈಯಿಂದ್ಲೇ ಕೊಡಾನ" ಎಂದು ನಿಂತರು. ನಾನು ಅವರ ಕಾಲಿಗೆ ಬೀಳುವಷ್ಟು ಸಂತೋಷಪಟ್ಟೆ. ಆದರೆ ಐದು ಲಕ್ಷ ಒಟ್ಟಿಗೆ ಕೈಯಲ್ಲಿರಲಿಲ್ಲ, ಆ ತಿಂಗಳೇ ನಮ್ಮ ಓವರ್‌ಡ್ರಾಫ್ಟಿನ (ಖಾತೆ ಖಾಲಿಯಾದರೂ ಒಂದು ಮಿತಿಯವರೆಗೆ ಬ್ಯಾಂಕು ಕೊಡುವ ಸಾಲ) ಅವಧಿಯೂ ಮುಗಿಯುತ್ತಿತ್ತು. ಮೂವತ್ತೊಂದರೊಳಗೆ ನವೀಕರಿಸಬೇಕು, ಅದಕ್ಕೆ ಕಂಪನಿಯ ಮೇಲೆ ಯಾವ ಅಪಘಾತದ ದಾವೆಯೂ ಪರಿಹಾರದ ಬಾಕಿಯೂ ಇಲ್ಲವೆಂದು ಬರೆದುಕೊಡಬೇಕು. ಗಯಾಸ್ ಅವರು ನಮ್ಮ ಊಟದ ಮೇಜಿನ ಮುಂದೆ ಕೂತು, ಈ ಸಲ ಏನೂ ತಿನ್ನದೆ, ವಿವರಿಸಿದರು.

"ಕ್ಲೇಮ್ ಇದೆ ಅಂತ ಬರೆದ್ರೆ ಫೈಲ್ ಮೇಲಕ್ಕೆ ಹೋಗತ್ತೆ ಅಣ್ಣ. ಎರಡು ತಿಂಗಳು ಅಲ್ಲೇ ಇರತ್ತೆ. ಅಷ್ಟರಲ್ಲಿ ಓವರ್‌ಡ್ರಾಫ್ಟ್ ಲಾಕು. ಅದು ಲಾಕ್ ಆದ್ರೆ ಮಿಲ್ಲಿಗೆ ಗ್ಯಾರಂಟಿ ಇಲ್ಲ, ಪೇಪರ್ ಬರಲ್ಲ. ಸಂಬಳಾನೂ ಅದೇ ಖಾತೆ."

"ಹಂಗಾರೆ ಸಂಬ್ಳ ಬೇರೆ ಬ್ಯಾಂಕಿಂದ ಕೊಡ್ತೀನಿ" ಎಂದರು ಮಾವ.

"ಬರೋ ದುಡ್ಡೆಲ್ಲ ನಮ್ಮ ಖಾತೆಗೇ ಬರಬೇಕು ಅಂತ ಸಹಿ ಆಗಿದೆಯಲ್ಲ ಅಣ್ಣ. ಫ್ಯಾಕ್ಟರಿ ಪತ್ರ, ಈ ಮನೆ ಪತ್ರ, ಎರಡೂ ನಮ್ಮಲ್ಲೇ ಇದೆ."

ಬೆದರಿಸುವ ಧ್ವನಿಯಲ್ಲ ದೊಡ್ಡಮ್ಮ. ಬಸ್ಸು ಎಷ್ಟು ಗಂಟೆಗೆ ಎಂದು ಹೇಳುವ ಧ್ವನಿ. ಜಮೀನು ಇದ್ದಾಗ ಒಂದು ಬೆಳೆ ಹೋದರೆ ಇನ್ನೊಂದು ಮೂಲೆಯಲ್ಲಿ ಏನಾದರೂ ಇರುತ್ತಿತ್ತು ಎಂದು ಮಾವ ಅತ್ತೆಗೆ ಹೇಳುತ್ತಿದ್ದುದನ್ನು ಮಾರನೆಯ ದಿನ ಕೇಳಿಸಿಕೊಂಡೆ. ನೂರಕ್ಕೂ ಹೆಚ್ಚು ಮನೆಗಳ ಒಲೆ ಒಂದು ಕಡೆ, ಮುನಿಕೆಂಪಮ್ಮನ ಕೈ ಇನ್ನೊಂದು ಕಡೆ. ನೂರು ಮನೆಯ ಮಾತು ಆಡಿದಾಗ ನಮ್ಮ ಮನೆಯೂ ಆ ನೂರರೊಳಗೆ ಸೇರಿತ್ತು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಕೊನೆಗೆ ಬಾಲರಾಜ್ ಒಂದು ದಾರಿ ಹುಡುಕಿದರು. ಆಸ್ಪತ್ರೆಯ ಬಿಲ್ಲು ನಾವು ಕಟ್ಟುವುದು, ಮೇಲೆ ನಲವತ್ತು ಸಾವಿರ ಕೈಗೆ ಕೊಡುವುದು, ಇನ್ನು ಬಾಕಿ ಏನೂ ಇಲ್ಲವೆಂದು ಅವಳಿಂದ ಒಂದು ಕಾಗದ ಪಡೆಯುವುದು. ಇಪ್ಪತ್ತೊಂಬತ್ತನೇ ತಾರೀಖು ಅವಳು ಹೆಬ್ಬೆಟ್ಟು ಒತ್ತಿದಳು. ಮೂವತ್ತೊಂದಕ್ಕೆ ನವೀಕರಣವಾಯಿತು. ಪೇಪರ್ ಬಂತು, ಸಂಬಳವಾಯಿತು, ಗುಲಾಬಿಯ ಡಬ್ಬಗಳೂ ಹೋದವು. ಗಯಾಸ್ ಅವರು ನಮ್ಮನ್ನು ಶಿಸ್ತಿನ ಗ್ರಾಹಕರೆಂದು ಮೇಲಿನವರಿಗೆ ಬರೆದಿದ್ದಾರಂತೆ, ಸಾಲದ ಮಿತಿಯನ್ನೂ ಹೆಚ್ಚಿಸಿದ್ದಾರೆ. ನಂಬರು ಬದಲಾಯಿಸಿ ಎಂದು ನಾನು ಎರಡು ಸಲ ಕೇಳಿದೆ. ಮಾವ ಬೇಡವೆಂದರು, ಲಕ್ಷ್ಮಿಯ ನಂಬರು ತೆಗೆದರೆ ಇನ್ನೂ ಕೆಟ್ಟದಾದೀತಂತೆ. ಈಗ ಪ್ರತಿ ಮೆಸೇಜಿಗೂ ಫೋನು ಕುಯ್ಯೆನ್ನುತ್ತದೆ. ಊಟ ಮಾಡುತ್ತಿದ್ದರೂ ಎಂಜಲು ಕೈಯಲ್ಲೇ ತೆಗೆದು ಓದುತ್ತೇನೆ.

ಹೀಗೆ ಎಲ್ಲವೂ ಒಂದು ದಡ ಸೇರಿತು. ನೀನು ಚಿಂತೆ ಮಾಡಬೇಡ. ಕಿವಿಯ ಮೆಷಿನ್ ಕೊಡಿಸುತ್ತೇನೆ ಎಂದರೆ ಯಾವಾಗಲೂ ಬೇಡವೆನ್ನುತ್ತೀಯ, ಈ ಸಲ ಹೂಂ ಅನ್ನು. ನಿನ್ನ ಧ್ವನಿ ಕೇಳಬೇಕು. ನಿನ್ನ ಮಗಳನ್ನು ಒಳ್ಳೆಯ ಮನಸ್ಸಿನಿಂದ ನೆನೆಸಿಕೋ, ಆಶೀರ್ವಾದ ಮಾಡು.

ನಿನ್ನ
ವನಿತಾ

ಬರೆಯದೆ ಬಿಟ್ಟದ್ದು: ದೊಡ್ಡಮ್ಮ, ಲಕೋಟೆ ಅಂಟಿಸಿ ಮತ್ತೆ ಒಡೆದಿದ್ದೇನೆ. ಅವಳು ಹೆಬ್ಬೆಟ್ಟು ಒತ್ತಿದ ಆ ಕಾಗದ ಬರೆದವಳು ನಾನು. ಬ್ಯಾಂಕಿಗೆ ಇಂಗ್ಲಿಷಿನಲ್ಲಿ ಬೇಕಿತ್ತು, ಮನೆಯಲ್ಲಿ ನನ್ನಷ್ಟು ಚೆನ್ನಾಗಿ ಬರೆಯುವವರಿಲ್ಲ. ಮುನಿಕೆಂಪಮ್ಮ ನಮ್ಮ ಕೆಲಸದವಳೇ ಅಲ್ಲ, ಆ ದಿನ ಯಾರನ್ನೋ ನೋಡಲು ಬಂದು ಯಾರೂ ಹೇಳದೆ ತಾನಾಗಿ ಮೆಷಿನ್ನಿಗೆ ಕೈಹಾಕಿದಳು, ನಲವತ್ತು ಸಾವಿರ ಪಡೆದು ಇನ್ನು ಎಲ್ಲೂ ಏನೂ ಕೇಳುವುದಿಲ್ಲ ಎಂದು ಅದರಲ್ಲಿದೆ. ಒಂದೂ ತಪ್ಪಿಲ್ಲದ ಇಂಗ್ಲಿಷು. ಬಾಲರಾಜ್ ಓದಿ ನನ್ನ ಭುಜ ತಟ್ಟಿದರು.

ವಾರ್ಡಿಗೆ ಅದನ್ನು ತೆಗೆದುಕೊಂಡು ಹೋದವಳೂ ನಾನೇ. ಸುಬ್ರಮಣಿ ಮಾತ್ರೆ ತರಲು ಕೆಳಗೆ ಹೋಗಿದ್ದ. ಅವಳು ಕಾಗದವನ್ನು ಎಡಗೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಏನೈತೆ ಇದ್ರಾಗೆ? ನೀನೇ ಓದವ್ವ, ನೀನಾದ್ರೆ ಸರ್ಯಾಗ್ ಏಳ್ತೀಯ" ಎಂದಳು. ನಾನು ಸಾಲಿನ ಕೆಳಗೆ ಬೆರಳಿಟ್ಟು ಓದುವವಳ ಹಾಗೆ ಓದಿದೆ. ಈ ನಲವತ್ತು ಸಾವಿರ ಮೊದಲ ಕಂತು, ವಿಮೆಯ ಹಣ ಆಮೇಲೆ ಬರುತ್ತದೆ, ಹೊಲಿಗೆ ಬಿಚ್ಚಿದ ಮೇಲೆ ಕೂತು ಮಾಡುವ ಕೆಲಸ ಕೊಡುತ್ತಾರೆ, ಮಗಳ ಓದು ಕಂಪನಿಯದ್ದು ಎಂದು ಬರೆದಿದೆ ಎಂದೆ. ಯಾರೂ ನನಗೆ ಹಾಗೆ ಹೇಳು ಎಂದಿರಲಿಲ್ಲ. ಅವಳ ಮುಖ ನೋಡುತ್ತಾ ಒಂದೊಂದೇ ಸೇರಿಸುತ್ತಾ ಹೋದೆ. ಅವಳು ಹೆಬ್ಬೆಟ್ಟು ಒತ್ತಿ, ಮಸಿ ನನ್ನ ಸೀರೆಗೆ ತಾಗದಂತೆ ಕೈ ದೂರ ಹಿಡಿದು, "ನಿನ್ನೊಟ್ಟೆ ತಣ್ಣಗಿರ್ಲಿ ತಾಯಿ" ಎಂದಳು.

ನಾನು ಹೀಗೆ ಓದಿ ಹೇಳಿದ್ದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಮೊನ್ನೆ ಹೊಲಿಗೆ ಬಿಚ್ಚಿದ್ದಾರೆ. ಬರುವ ಸೋಮವಾರ ಬೆಳಗ್ಗೆ ಎಂಟೂವರೆಗೆ ಕೆಲಸಕ್ಕೆ ಬರುತ್ತೇನೆ ಎಂದು ಹೇಳಿ ಕಳಿಸಿದ್ದಾಳೆ.